ಏಳನೇ ಇಯತ್ತೆಯ ಆಚೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಪುಣೆಯಲ್ಲಿರುವ ನಮಗೆಲ್ಲ ಕರ್ವೆ ರಸ್ತೆ ಗೊತ್ತು. ಡೆಕ್ಕನ್ ಕಡೆಯಿಂದ ಕೋಥರೂಡಿಗೆ ಹೋಗುವಾಗ ಸಿಗ್ನಲ್ಲಿನಲ್ಲಿ ನಿಂತು ನಾವು ಗೊಣಗಿಕೊಳ್ಳುವ ರಸ್ತೆ. ಆ ಹೆಸರಿನ ಮನುಷ್ಯ, ಮಹರ್ಷಿ ಧೋಂಡೋ ಕೇಶವ ಕರ್ವೆ, ತಮ್ಮ 72ನೆಯ ವಯಸ್ಸಿನಲ್ಲಿ ಆಫ್ರಿಕಕ್ಕೆ ಹೋಗಿದ್ದರು ಎಂಬುದು ನಿಮಗೆ ಗೊತ್ತಿತ್ತೆ? 1930ರ ಡಿಸೆಂಬರಿನಲ್ಲಿ ಹೊರಟವರು ಮೊಂಬಾಸ, ಉಗಾಂಡ, ಟ್ಯಾಂಗನೀಕ, ಜಾಂಜಿಬಾರ್, ಪೋರ್ಚುಗೀಸರ ಪೂರ್ವ ಆಫ್ರಿಕ, ದಕ್ಷಿಣ ಆಫ್ರಿಕ ಎಂದು ಸುಮಾರು ಹದಿನೈದು ತಿಂಗಳು ಸುತ್ತಿದರು. ಪ್ರೇಕ್ಷಣೀಯ ಸ್ಥಳ ನೋಡಲು ಹೋದದ್ದಲ್ಲ. ತಾವು 1916ರಲ್ಲಿ ಇದೇ ಪುಣೆಯಲ್ಲಿ ಆರಂಭಿಸಿದ್ದ ಮಹಿಳಾ ವಿಶ್ವವಿದ್ಯಾಲಯದ ಮಾತನ್ನು ಅಲ್ಲಿ ನೆಲೆಸಿದ್ದ ಭಾರತೀಯರಿಗೆ ಹೇಳಿ, ಅವರಿಂದ ನಾಲ್ಕು ಕಾಸು ಕೂಡಿಸಿಕೊಂಡು ಬರುವುದಕ್ಕೆ ಹೋದದ್ದು. ಅಂದರೆ ನಮ್ಮೂರಿನ ಹೆಣ್ಣುಮಕ್ಕಳ ಓದಿನ ಹಿಂದೆ ಆಫ್ರಿಕದಲ್ಲಿ ಗಳಿಸಿದ ಹಣವೂ ಒಂದಿಷ್ಟು ಇದೆ.

ಇವತ್ತು ಅದೇ ಆಫ್ರಿಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವ ಶಿಷ್ಯವೇತನಗಳ ಬಗ್ಗೆ ಜಗತ್ತು ಮಾತಾಡುತ್ತದೆ. ಅವರು ಕಂಡುಕೊಂಡದ್ದೇನು, ನಾವು ಪುಣೆಯಲ್ಲಿ ಎಂದೋ ಕಂಡುಕೊಂಡು ಮರೆತದ್ದೇನು, ನಮ್ಮ ನಡುವಿನ ಕನ್ನಡದ ಹುಡುಗಿಯರಿಗೆ ಅದರಿಂದ ಆಗಬೇಕಾದದ್ದೇನು ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ಆಫ್ರಿಕದ ಸಂಗತಿ. 1991ರಲ್ಲಿ ಆನ್ ಕಾಟನ್ ಎಂಬ ಬ್ರಿಟಿಷ್ ಮಹಿಳೆ ಜಿಂಬಾಬ್ವೆಯ ಮೋಲಾ ಎಂಬ ಹಳ್ಳಿಗಾಡಿಗೆ ಹೋದರು. ಹುಡುಗಿಯರು ಯಾಕೆ ಶಾಲೆಗೆ ಹೋಗುವುದಿಲ್ಲ ಎಂದು ತಿಳಿಯಬೇಕಿತ್ತು. ಓದಿದವರು ಹೊರಡುವ ಮೊದಲೇ ಉತ್ತರ ಕೊಟ್ಟಿದ್ದರು: ಅದು ಅವರ ಸಂಪ್ರದಾಯ, ಅವರಿಗೆ ಹೆಣ್ಣುಮಕ್ಕಳ ಓದು ಬೇಡ. ಅಲ್ಲಿ ಹೋಗಿ ತಂದೆ ತಾಯಂದಿರನ್ನೇ ಕೇಳಿದಾಗ ಸಿಕ್ಕ ಉತ್ತರ ಬೇರೆ. ಓದು ಬೇಡವೆಂದು ಯಾರೂ ಹೇಳಲಿಲ್ಲ. ಇಬ್ಬರನ್ನು ಓದಿಸುವಷ್ಟು ಹಣವಿಲ್ಲ, ಒಬ್ಬರನ್ನೇ ಆರಿಸಬೇಕು, ಮುಂದೆ ನೌಕರಿ ಸಿಗುವ ಸಂಭವ ಹುಡುಗನಿಗೇ ಹೆಚ್ಚು, ಆದ್ದರಿಂದ ಹುಡುಗ. ಅಷ್ಟೇ ಲೆಕ್ಕ. ಆ ತಾಯಿ ತಂದೆಯರಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ, ಕೈಯಲ್ಲಿದ್ದ ದುಡ್ಡು ಕಡಿಮೆ ಇತ್ತು. 1993ರಲ್ಲಿ ಆಕೆ 32 ಹುಡುಗಿಯರ ಓದಿಗೆ ಹಣ ಹೊಂದಿಸಿ ಕ್ಯಾಮ್‌ಫೆಡ್ ಎಂಬ ಸಂಸ್ಥೆ ಕಟ್ಟಿದರು. ಹಾಗೆ ಮೊದಮೊದಲು ನೆರವು ಪಡೆದ ಹುಡುಗಿಯರಲ್ಲಿ ಒಬ್ಬಳಾದ ಆ್ಯಂಜೆಲೀನ್ ಮುರಿಮಿರ್ವಾ ಮುಂದೆ ಅದೇ ಸಂಸ್ಥೆಯನ್ನು ನಡೆಸುವವಳಾದಳು.

ಈಗ ಆ ಮೋಲಾದ ಲೆಕ್ಕವನ್ನು ನಮ್ಮ ಮನೆಗಳಿಗೆ ತನ್ನಿ. ನಮ್ಮ ಅಜ್ಜಂದಿರ ಕಾಲದಲ್ಲಿ ಬಡವರ ಮಕ್ಕಳು ಓದಿದ್ದು ಹೇಗೆ? ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಧಾರವಾಡದಲ್ಲಿ, ಮೈಸೂರಿನಲ್ಲಿ, ಈ ಪುಣೆಯ ಪೇಟೆಗಳ ವಾಡೆಗಳಲ್ಲಿ ಹೀಗೆ ಉಂಡು ಬೀದಿದೀಪದ ಕೆಳಗೆ ಓದಿದವರ ಕಥೆಗಳನ್ನು ಎಷ್ಟು ಕೇಳಿಲ್ಲ ನಾವು! ಮಠಗಳ ಉಚಿತ ಬೋರ್ಡಿಂಗುಗಳು ಬೇರೆ ಇದ್ದವು. ನಾನು ಅದನ್ನು ಹಗುರಮಾಡುತ್ತಿಲ್ಲ. ವಾರಾನ್ನ ಬಡತನಕ್ಕೆ ಸಮಾಜ ಕಂಡುಕೊಂಡ ಒಳ್ಳೆಯ ಶಿಷ್ಯವೇತನವೇ. ಆದರೆ ಒಂದು ಮಾತು ಗಮನಿಸಿದ್ದೀರಾ? ವಾರಾನ್ನ ಉಂಡು ಓದಿದ ಅಜ್ಜಿಯ ಕಥೆಯನ್ನು ನಾವು ಯಾರೂ ಕೇಳಿಲ್ಲ. ಹನ್ನೆರಡು ವರ್ಷದ ಮಗಳನ್ನು ಅಪರಿಚಿತರ ಮನೆಗೆ ದಿನಕ್ಕೊಂದರಂತೆ ಊಟಕ್ಕೆ ಯಾರು ಕಳಿಸುತ್ತಾರೆ? ಹುಡುಗನಿಗೆ ಅನ್ನ ಸಿಕ್ಕರೆ ಓದು ನಡೆಯುತ್ತಿತ್ತು. ಹುಡುಗಿಗೆ ಅನ್ನದ ಜೊತೆಗೆ ಇರಲು ಭದ್ರವಾದ ಜಾಗ ಬೇಕು, ಹೋಗಿ ಬರುವ ದಾರಿ ಬೇಕು, ಮದುವೆಯ ಮಾತು ಎತ್ತಿದವರಿಗೆ ತಂದೆ ತಾಯಿ ಕೊಡಬಹುದಾದ ಒಂದು ಉತ್ತರ ಬೇಕು. ಹೆಣ್ಣುಮಕ್ಕಳ ಶಿಷ್ಯವೇತನ ಈ ನಾಲ್ಕಕ್ಕೂ ಆಗಬೇಕು. ಬರೀ ಫೀ ಕಟ್ಟಿದರೆ ಅದು ಹುಡುಗರ ಶಿಷ್ಯವೇತನವನ್ನೇ ಹುಡುಗಿಯ ಹೆಸರಿಗೆ ಬರೆದಂತೆ.

ಇದನ್ನು ಪುಣೆಯವರು ಬಹಳ ಹಿಂದೆಯೇ ಅರಿತಿದ್ದರು. 1848ರಲ್ಲಿ ಭಿಡೆ ವಾಡೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದ ಸಂಗತಿ ನಿಮಗೆಲ್ಲ ತಿಳಿದದ್ದೇ. ನಾನು ಹೇಳಬೇಕೆಂದಿರುವುದು ಇನ್ನೊಬ್ಬರ ಕಥೆ, ಅದೂ ನಮ್ಮ ಕಡೆಯವರ ಕಥೆ.

ಪಂಡಿತಾ ರಮಾಬಾಯಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ಮಾತಿಗೆ ಗುರಿಯಾಗಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದವರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಆ ಕಾಡಿನಲ್ಲಿ. ಕರ್ವೆಯವರು ಹುಟ್ಟಿದ್ದು ಅದೇ ತಿಂಗಳ 18ರಂದು, ಕೊಂಕಣದಲ್ಲಿ. ಐದೇ ದಿನಗಳ ಅಂತರ! ಒಂದೇ ವಾರದಲ್ಲಿ ಹುಟ್ಟಿದ ಈ ಇಬ್ಬರ ದಾರಿಗಳು ಪುಣೆಯಲ್ಲಿ ಹೇಗೆ ಕೂಡಿದವು ನೋಡಿ.

ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ, 1886ರಲ್ಲಿ ಅಮೆರಿಕಕ್ಕೆ ಹೋದರು. ಮೇಲ್ಜಾತಿಯ ಹಿಂದೂ ಹೆಣ್ಣಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಊರೂರು ತಿರುಗಿ ಭಾಷಣ ಮಾಡಿದರು. 1887ರಲ್ಲಿ ಬಾಸ್ಟನ್‌ನಲ್ಲಿ ಅವರಿಗಾಗಿ ಒಂದು ಸಂಘವೇ ಹುಟ್ಟಿತು. ಆ ಸಂಘ ಕೊಟ್ಟ ಮಾತು ಕೇಳಿ: ಹತ್ತು ವರ್ಷ ನಿಮ್ಮ ಶಾಲೆಯ ಖರ್ಚು ನಮ್ಮದು. ಒಂದು ವರ್ಷವಲ್ಲ, ಹತ್ತು ವರ್ಷ. ಆ ಬಲದ ಮೇಲೆ 1889ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು, ಮರುವರ್ಷ ಪುಣೆಗೆ ಬಂತು. ಊಟ, ವಸತಿ, ಬಟ್ಟೆ, ಪಾಠ ಎಲ್ಲವೂ ಅಲ್ಲೇ. ಹಾಗೆ ಸೇರಿದ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬಳು. 1893ರಲ್ಲಿ ಆಕೆಯನ್ನು ಮದುವೆಯಾದವರು ಕರ್ವೆ. ಆಮೇಲೆ ಆನಂದಿಬಾಯಿ ಎಂದು ಹೆಸರಾದವರು ಅವರೇ. 1896ರಲ್ಲಿ ಕರ್ವೆ ಅನಾಥ ಬಾಲಿಕಾಶ್ರಮ ಆರಂಭಿಸಿದರು, 1900ರಲ್ಲಿ ಅದು ಹಿಂಗಣೆಗೆ ಹೋಯಿತು. ಈಗಿನ ಕರ್ವೆನಗರ ಅದೇ. ಆಗ ಊರ ಹೊರಗಿನ ಬಯಲು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಪಾಠ ಹೇಳಿ ಅವರು ಅಲ್ಲಿಗೆ ನಡೆದುಕೊಂಡೇ ಹೋಗಿ ಬರುತ್ತಿದ್ದರು.

ರಮಾಬಾಯಿಯವರ ಕಥೆಗೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ಅವರು ಕ್ರೈಸ್ತಮತ ಸ್ವೀಕರಿಸಿದ್ದರು. 1893ರ ಹೊತ್ತಿಗೆ ಶಾರದಾ ಸದನದಲ್ಲಿ ಮತಾಂತರದ ಮಾತು ಎದ್ದು ಪುಣೆಯ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವಾಯಿತು. ಅನೇಕ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಯಾರು ಸರಿ ಯಾರು ತಪ್ಪು ಎಂಬ ವಾದ ಇಂದಿಗೂ ಇದೆ, ಅದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಕೊಡುವವರ ಮೇಲೆ ಮನೆಯವರಿಗೆ ನಂಬಿಕೆ ತಪ್ಪಿದರೆ ಹತ್ತು ವರ್ಷದ ಹಣವಿದ್ದೂ ಹುಡುಗಿ ಮನೆಗೆ ವಾಪಸಾಗುತ್ತಾಳೆ, ಇದಂತೂ ಆಗ ಕಂಡುಬಂತು. ಕ್ಯಾಮ್‌ಫೆಡ್‌ನವರು ಊರಿನ ಹಿರಿಯರನ್ನು, ಶಿಕ್ಷಕರನ್ನು, ತಾಯಂದಿರನ್ನು ಕೂಡಿಸಿಕೊಂಡೇ ಹೆಸರು ಆರಿಸುವುದರ ಗುಟ್ಟೂ ಅದೇ.

ಇನ್ನು ಸರ್ಕಾರದ ಕಡೆ ನೋಡೋಣ. ಮಹಾರಾಷ್ಟ್ರದಲ್ಲಿ 1980ರ ದಶಕದಿಂದಲೇ ಹುಡುಗಿಯರಿಗೆ ಹನ್ನೆರಡನೆಯ ತರಗತಿಯವರೆಗೆ ಶಿಕ್ಷಣ ಉಚಿತ. 2024ರಿಂದ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ, ನಿಗದಿತ ವರ್ಗಗಳ ಹುಡುಗಿಯರಿಗೆ ಇಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸುಗಳ ಬೋಧನಾ ಶುಲ್ಕವೂ ಪೂರ್ತಿ ಮಾಫಿ. ಬಹಳ ಒಳ್ಳೆಯದು. ಆದರೆ ಆ ಮೇಲಿನ ಮೆಟ್ಟಿಲಿಗೆ ಬರುವ ಮೊದಲು ಎಂಟು, ಒಂಬತ್ತು, ಹತ್ತು ಎಂಬ ಮೂರು ಮೆಟ್ಟಿಲುಗಳಿವೆ. ಹುಡುಗಿ ಜಾರುವುದು ಅಲ್ಲಿ. ಅಲ್ಲಿಗೆ ನಾವು ಕೊಟ್ಟದ್ದೆಷ್ಟು? ಹಿಂದುಳಿದ ವರ್ಗಗಳ ಹುಡುಗಿಯರಿಗೆಂದು ಸಾವಿತ್ರಿಬಾಯಿ ಫುಲೆಯವರ ಹೆಸರಿನಲ್ಲಿ ಒಂದು ಶಿಷ್ಯವೇತನ ಬಂತು: ಐದರಿಂದ ಏಳನೆಯ ತರಗತಿಗೆ ತಿಂಗಳಿಗೆ 60 ರೂಪಾಯಿ, ಎಂಟರಿಂದ ಹತ್ತಕ್ಕೆ ತಿಂಗಳಿಗೆ 100 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಚಿಕ್ಕ ತರಗತಿಗಳ ಬಡ ಹುಡುಗಿಯರಿಗೆ ಶಾಲೆಗೆ ಬಂದ ದಿನಕ್ಕೆ ಒಂದು ರೂಪಾಯಿ ಹಾಜರಿ ಭತ್ಯೆ, ಇದು 1992ರ ಯೋಜನೆ. ಆಗ ಒಂದು ರೂಪಾಯಿಗೆ ಪೆನ್ಸಿಲ್ಲೋ ವಡಾಪಾವೋ ಬರುತ್ತಿತ್ತು. ವರ್ಷಗಳು ಉರುಳಿದವು, ವಡಾಪಾವ್ ಎಲ್ಲಿಗೆ ಹೋಗಿ ಮುಟ್ಟಿತು ಎಂದು ಪುಣೆಯವರಿಗೆ ಹೇಳಬೇಕಿಲ್ಲ, ಆ ಮೊತ್ತಗಳು ಮಾತ್ರ ದಶಕಗಳ ಕಾಲ ಇದ್ದಲ್ಲೇ ಕೂತಿದ್ದವು. ಶಿಷ್ಯವೇತನವನ್ನು ಯಾರೂ ರದ್ದು ಮಾಡಬೇಕಿಲ್ಲ. ಏರಿಸದೆ ಬಿಟ್ಟರೆ ಅದು ತಾನಾಗಿಯೇ ಕರಗಿ ಹೋಗುತ್ತದೆ.

ಇದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ನನ್ನ ದೃಷ್ಟಿಯಲ್ಲಿ, ಬಸ್ ಪಾಸ್ ಮತ್ತು ಸೈಕಲ್. ಅಹಿಲ್ಯಾಬಾಯಿ ಹೋಳ್ಕರ್ ಹೆಸರಿನ ಯೋಜನೆಯಲ್ಲಿ ಮಹಾರಾಷ್ಟ್ರದ ಹಳ್ಳಿಯ ಹುಡುಗಿಯರಿಗೆ ಎಸ್.ಟಿ. ಬಸ್ಸಿನಲ್ಲಿ ಶಾಲೆಗೆ ಹೋಗಿಬರಲು ಟಿಕೆಟ್ ಇಲ್ಲ. ಬಿಹಾರದಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು 2000 ರೂಪಾಯಿ ಕೊಟ್ಟರು. ಕರ್ನಾಟಕವೂ 2006-07ರಲ್ಲಿ ಎಂಟನೆಯ ತರಗತಿಗೆ ಸೈಕಲ್ ಯೋಜನೆ ತಂದಿತು. ಬಿಹಾರದ ಪರಿಣಾಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಳೆದು ನೋಡಿದಾಗ ಹೈಸ್ಕೂಲು ಸೇರುವ ಹುಡುಗಿಯರ ಸಂಖ್ಯೆ ಸುಮಾರು ಶೇಕಡ 32ರಷ್ಟು ಏರಿತ್ತು. ಹೆಚ್ಚಿನ ಏರಿಕೆ ಆದದ್ದು ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಊರುಗಳಲ್ಲಿ. ಹುಡುಗಿಯರು ಒಬ್ಬೊಬ್ಬರಾಗಿ ಹೋಗುತ್ತಿರಲಿಲ್ಲ, ಗುಂಪಾಗಿ ಹೋದರು. ರಸ್ತೆಯ ಮೇಲೆ ಹತ್ತು ಸೈಕಲ್ ಒಟ್ಟಿಗೆ ಹೊರಟರೆ ತಾಯಿಯ ಅರ್ಧ ಭಯ ಅಲ್ಲೇ ಹೋಗುತ್ತದೆ.

ಘಾನಾ ದೇಶದ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಹೈಸ್ಕೂಲಿಗೆ ಪ್ರವೇಶ ಸಿಕ್ಕೂ ಹಣವಿಲ್ಲದೆ ಸೇರಲಾಗದ 2064 ಮಕ್ಕಳಲ್ಲಿ 682 ಜನರಿಗೆ 2008ರಲ್ಲಿ ಚೀಟಿ ಎತ್ತಿ ಪೂರ್ತಿ ಓದಿನ ಶಿಷ್ಯವೇತನ ಕೊಟ್ಟು, ವರ್ಷಗಟ್ಟಲೆ ಎರಡೂ ಗುಂಪಿನ ಬದುಕನ್ನು ಹಿಂಬಾಲಿಸಿದರು. ಮುಂದೆ ನೊಬೆಲ್ ಪಡೆದ ಎಸ್ತರ್ ಡ್ಯುಫ್ಲೊ, ಮೈಕೆಲ್ ಕ್ರೆಮರ್ ಆ ತಂಡದಲ್ಲಿದ್ದರು. ಹಣ ಸಿಕ್ಕವರಲ್ಲಿ ಓದು ಮುಗಿಸಿದವರು ಬಹಳ ಹೆಚ್ಚು. ಹುಡುಗಿಯರಲ್ಲಿ ಬೇಗ ತಾಯಿಯಾದವರು ಕಡಿಮೆ. ಮದುವೆ ಮುಂದೂಡಿ ಎಂದು ಯಾರೂ ಅಲ್ಲಿ ಉಪದೇಶ ಮಾಡಲಿಲ್ಲ.

ಈಗ ನಮ್ಮ ಊರಿಗೆ ಬರೋಣ. ಒಬ್ಬ ಹುಡುಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ವಿಜಯಪುರ ಜಿಲ್ಲೆಯ ಒಂದು ಲಂಬಾಣಿ ತಾಂಡಾದವಳು. ಅಪ್ಪ ಅವ್ವ ವಾಕಡ್ ಕಡೆ ಎದ್ದೇಳುತ್ತಿರುವ ಕಟ್ಟಡದಲ್ಲಿ ಗಾರೆ ಕೆಲಸದವರು, ಮನೆ ತಗಡಿನ ಶೆಡ್ಡು. ಮನೆಯಲ್ಲಿ ಲಂಬಾಣಿ, ಓದಿದ್ದು ಕನ್ನಡ, ಬೀದಿಯಲ್ಲಿ ಮರಾಠಿ. ಪುಣೆ ಮಹಾನಗರಪಾಲಿಕೆ ಮರಾಠಿ, ಉರ್ದುವಿನ ಜೊತೆ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಯನ್ನೂ ನಡೆಸುತ್ತ ಬಂದಿದೆ ಎಂಬುದು ಅಭಿಮಾನದ ಸಂಗತಿ. ಏಳನೇ ಇಯತ್ತೆ ಮುಗಿದ ಮೇಲೆ ಪ್ರಶ್ನೆ ಏಳುತ್ತದೆ. ಹೈಸ್ಕೂಲು ದೂರ. ಎರಡು ಬಸ್ಸು ಬದಲಾಯಿಸಬೇಕು. ಮನೆಯಲ್ಲಿ ಎರಡು ವರ್ಷದ ತಮ್ಮನಿದ್ದಾನೆ, ಅವ್ವ ಕೆಲಸಕ್ಕೆ ಹೋದರೆ ಅವನನ್ನು ನೋಡುವವರಿಲ್ಲ. ಆಕೆಯ ತಾಯಿಯನ್ನು ಕೇಳಿದರೆ ಉತ್ತರ ಮೋಲಾದ ತಾಯಿಯದೇ: "ಸಾಲಿ ಬ್ಯಾಡ ಅನ್ನಂಗಿಲ್ರಿ, ಆದ್ರ ಯಾರ ಜೋಡಿ ಕಳಸೂದು?"

ಈ ಹುಡುಗಿಗೆ ಯಾವ ಶಿಷ್ಯವೇತನ ಸಿಗುತ್ತದೆ? ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಮಹಾರಾಷ್ಟ್ರದಲ್ಲಿ ಅದೇ ಬಂಜಾರಾ ಜನ ವಿಮುಕ್ತ ಜಾತಿಯ ಪಟ್ಟಿಯಲ್ಲಿ. ಸೊಲ್ಲಾಪುರದ ತಾಂಡಾದಲ್ಲಿರುವ ಅವಳ ಅತ್ತೆಯ ಮಗಳ ಕಾಗದ ಒಂದು, ಇವಳ ಕಾಗದ ಇನ್ನೊಂದು. ವಲಸೆ ಬಂದವರ ಜಾತಿ ಪ್ರಮಾಣಪತ್ರ ಹುಟ್ಟೂರಿನ ರಾಜ್ಯದ ಸೌಲಭ್ಯಕ್ಕಷ್ಟೇ ಸಲ್ಲುತ್ತದೆ, ಬಂದ ರಾಜ್ಯದ ಮೀಸಲಿಗೆ ಸಲ್ಲುವುದಿಲ್ಲ ಎಂಬುದು ಸುಪ್ರೀಂ ಕೋರ್ಟಿನ ನಿಲುವು, 2018ರಲ್ಲಿ ಸಂವಿಧಾನ ಪೀಠವೂ ಇದನ್ನೇ ಹೇಳಿತು. ಮಹಾರಾಷ್ಟ್ರದ ಡೊಮಿಸೈಲ್ ಪತ್ರಕ್ಕೆ ಹದಿನೈದು ವರ್ಷ ಇಲ್ಲಿ ವಾಸವಿದ್ದ ದಾಖಲೆ ಬೇಕು. ಹುಡುಗಿಗೆ ಹದಿಮೂರು ವರ್ಷ, ಶೆಡ್ಡಿಗೆ ಬಾಡಿಗೆ ಚೀಟಿಯೂ ಇಲ್ಲ. ಹೀಗೆ ಎರಡು ರಾಜ್ಯಗಳ ನಡುವೆ, ಎರಡಕ್ಕೂ ಸೇರದೆ, ಅವಳು ಉಳಿಯುತ್ತಾಳೆ. ಗಡಿ ವಿವಾದ ಎಂದರೆ ನಮಗೆ ಬೆಳಗಾವಿ ನೆನಪಾಗುತ್ತದೆ. ಈ ಗಡಿಯ ಬಗ್ಗೆ ಯಾವ ಸಭೆಯಲ್ಲೂ ಠರಾವು ಪಾಸಾದದ್ದನ್ನು ನಾನು ಕೇಳಿಲ್ಲ.

ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಜಾತಿಯ ಕಾಗದ ಇಲ್ಲದೆಯೂ ಬರೆಯಬಹುದಾದ ಒಂದು ಪರೀಕ್ಷೆ ಇದೆ, ಎನ್.ಎಂ.ಎಂ.ಎಸ್. ಕೇಂದ್ರ ಸರ್ಕಾರ 2008ರಲ್ಲಿ ತಂದ ಯೋಜನೆ. ಸರ್ಕಾರಿ, ಪಾಲಿಕೆಯ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಬರೆಯಬಹುದು. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಏಳನೆಯದರಲ್ಲಿ ಶೇಕಡ 55 ಅಂಕ ಇರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ನಾಲ್ಕು ವರ್ಷ ಹಣ ಬರುತ್ತದೆ. ಮೊದಲು ತಿಂಗಳಿಗೆ 500 ಇತ್ತು, 2017ರಿಂದ 1000, ಅಂದರೆ ವರ್ಷಕ್ಕೆ 12,000. ಮಹಾರಾಷ್ಟ್ರದಲ್ಲಿ ಇದನ್ನು ನಡೆಸುವ ರಾಜ್ಯ ಪರೀಕ್ಷಾ ಪರಿಷತ್ತು ಇರುವುದು ನಮ್ಮ ಪುಣೆಯಲ್ಲೇ, ಪ್ರಶ್ನೆಪತ್ರಿಕೆ ಕನ್ನಡ ಮಾಧ್ಯಮದಲ್ಲೂ ಸಿಗುತ್ತದೆ. ಸಿಗುತ್ತದೆ ಎಂದು ಗೊತ್ತಿರುವ ಕನ್ನಡದ ಮನೆಗಳೆಷ್ಟು?

ನಾಲ್ಕು ವರ್ಷ ಎಂಬುದನ್ನು ನಾನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಸಂಘ ಸಂಸ್ಥೆಗಳ ಶಿಷ್ಯವೇತನ ಬಹುಪಾಲು ಒಂದು ದಿನದ್ದು. ರಾಜ್ಯೋತ್ಸವದ ವೇದಿಕೆ, ಹತ್ತನೆಯದರಲ್ಲಿ ಶೇಕಡ 90 ತೆಗೆದವರಿಗೆ ಶಾಲು, ಲಕೋಟೆ, ಫೋಟೊ. ತಪ್ಪೇನಿಲ್ಲ, ಮಕ್ಕಳಿಗೆ ಖುಷಿ. ಆದರೆ ಹತ್ತನೆಯದರಲ್ಲಿ ಶೇಕಡ 90 ತೆಗೆದ ಹುಡುಗಿ ಹೇಗೂ ಓದುತ್ತಾಳೆ. ಎಂಟನೆಯದರಲ್ಲಿ ಶೇಕಡ 58 ತೆಗೆದು ತಮ್ಮನನ್ನು ಎತ್ತಿಕೊಂಡು ಕೂತವಳ ಹೆಸರು ಆ ಪಟ್ಟಿಗೆ ಎಂದೂ ಬರುವುದಿಲ್ಲ. ಪುಣೆಯ ಲೀಲಾ ಪೂನಾವಾಲಾ ಫೌಂಡೇಶನ್ನಿನ ನಡೆ ಇಲ್ಲಿ ನೋಡುವಂಥದ್ದು. ಸಿಂಧ್‌ನಿಂದ ನಿರಾಶ್ರಿತರಾಗಿ ಬಂದ ಕುಟುಂಬದ ಲೀಲಾ 1967ರಲ್ಲಿ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದು, ಆಲ್ಫಾ ಲಾವಲ್ ಕಂಪನಿಯ ಮುಖ್ಯಸ್ಥೆಯಾಗಿ, 1989ರಲ್ಲಿ ಪದ್ಮಶ್ರೀ ಪಡೆದವರು. ಅವರ ಫೌಂಡೇಶನ್ 1990ರ ದಶಕದಲ್ಲಿ ಸ್ನಾತಕೋತ್ತರ ಓದಿನ ಹುಡುಗಿಯರಿಂದ ಆರಂಭಿಸಿತು. ಬರಬರುತ್ತ ಇಂಜಿನಿಯರಿಂಗಿಗೆ, ಆಮೇಲೆ ಏಳನೆಯ ತರಗತಿಗೇ ಇಳಿದು ಬಂತು. ಅಲ್ಲಿಂದ ಹುಡುಗಿಯನ್ನು ಆರಿಸಿ ಮೇಲಿನವರೆಗೆ ಕೈ ಹಿಡಿದು ನಡೆಸುವ ಕ್ರಮ. ಹಾಗೆಯೇ 1955ರಿಂದ ಇರುವ ವಿದ್ಯಾರ್ಥಿ ಸಹಾಯ್ಯಕ ಸಮಿತಿ ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗ ಹುಡುಗಿಯರಿಗೆ ಕಡಿಮೆ ಖರ್ಚಿನ ವಸತಿ ಕೊಡುತ್ತದೆ.

ನೀವು ಏನು ಮಾಡಬಹುದು? ನಿಮ್ಮ ಮನೆಗೆ ಕೆಲಸಕ್ಕೆ ಬರುವ ಬಾಯಿ ಕಲಬುರಗಿಯವಳೋ ಯಾದಗಿರಿಯವಳೋ ಇರಬಹುದು. ಮಗಳು ಎಷ್ಟನೆಯ ಇಯತ್ತೆ ಎಂದು ಕೇಳಿ. ಏಳು ಅಥವಾ ಎಂಟು ಎಂದರೆ ಅಲ್ಲಿಗೆ ಬಿಡಬೇಡಿ. ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಹುಡುಗಿಯ ಹೆಸರಿನ ಬ್ಯಾಂಕ್ ಖಾತೆ, ಆಧಾರದಲ್ಲೂ ಶಾಲೆಯ ದಾಖಲೆಯಲ್ಲೂ ಒಂದೇ ರೀತಿಯ ಹೆಸರು: ಈ ಮೂರು ಕಾಗದ ಆಗದೆ ನಿಂತ ಅರ್ಜಿಗಳು ಬಹಳ. ಕಲ್ಲವ್ವ ಶಾಲೆಯಲ್ಲಿ ಕಲ್ಪನಾ ಆಗಿ, ಆಧಾರದಲ್ಲಿ ಕಲ್ಲವ್ವನಾಗೇ ಉಳಿದರೆ ಹಣ ಖಾತೆಗೆ ಇಳಿಯುವುದಿಲ್ಲ. ಸೇತು ಕಚೇರಿಯ ಸಾಲಿನಲ್ಲಿ ಒಂದು ದಿನ ನಿಂತರೆ ಆ ತಾಯಿಗೆ ಒಂದು ದಿನದ ಕೂಲಿ ಹೋಗುತ್ತದೆ. ನಿಮಗೆ ಒಂದು ರಜೆ ಹೋಗುತ್ತದೆ. ಜೊತೆಗೆ ಹೋಗಿ. ಎನ್.ಎಂ.ಎಂ.ಎಸ್. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಆದ್ದರಿಂದ ಮುಖ್ಯೋಪಾಧ್ಯಾಯರನ್ನು ಕಂಡು ಈ ವರ್ಷದ ತಾರೀಖು ಕೇಳಿಕೊಳ್ಳಿ. ಆಯ್ಕೆಯಾದ ಮೇಲೂ ಪ್ರತಿ ವರ್ಷ ನವೀಕರಣ ಇದೆ, ಅದನ್ನು ಮರೆತು ಎರಡನೆಯ ವರ್ಷಕ್ಕೆ ಹಣ ನಿಂತವರಿದ್ದಾರೆ. ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಅವರ ಮನೆಯಲ್ಲಿ ಕ್ಯಾಲೆಂಡರ್ ಇಲ್ಲದಿರಬಹುದು.

ಹಣವನ್ನೇ ಕೊಡುತ್ತೇನೆ ಎನ್ನುವವರು, ನಾಲ್ಕು ಮನೆಯವರು ಕೂಡಿ ಒಬ್ಬ ಹುಡುಗಿಯನ್ನು ಎಂಟರಿಂದ ಹತ್ತರವರೆಗೆ ಮೂರು ವರ್ಷ ವಹಿಸಿಕೊಳ್ಳಿ. ಬಸ್ ಪಾಸ್, ಎರಡು ಜೊತೆ ಯೂನಿಫಾರ್ಮ್, ತಿಂಗಳಿನ ಪ್ಯಾಡು, ಗಣಿತ ಇಂಗ್ಲಿಷಿಗೆ ಒಂದು ಟ್ಯೂಷನ್ನು, ಸಾಧ್ಯವಾದರೆ ತಮ್ಮನನ್ನು ಅಂಗನವಾಡಿಗೆ ಸೇರಿಸುವ ಓಡಾಟ. ಒಬ್ಬಳೇ ಆದರೆ ದಾರಿ ಕಷ್ಟ, ಅದೇ ಶೆಡ್ಡುಗಳಿಂದ ಇಬ್ಬರನ್ನೋ ಮೂವರನ್ನೋ ಒಂದೇ ಶಾಲೆಗೆ ಸೇರಿಸಿ. ಯಾರ ಜೋಡಿ ಕಳಸೂದು ಎಂಬ ಪ್ರಶ್ನೆಗೆ ಆಗ ಅವರವರಲ್ಲೇ ಉತ್ತರವಿರುತ್ತದೆ. ತಾಯಿಯ ಎದುರಿಗೇ, ಮೂರು ವರ್ಷ ಎಂದು ಮೊದಲೇ ಹೇಳಿಬಿಡಿ. ಊರಿಂದ ಮದುವೆಯ ಮಾತು ತಂದವರಿಗೆ, ಹತ್ತನೇತ್ತ ಆಗೂ ತನಕ ಇಲ್ಲ ಎಂದು ಆಕೆ ಹೇಳುವುದು ಆ ಮಾತಿನ ಧೈರ್ಯದ ಮೇಲೆಯೇ.